ಲ್ಯಾಪ್‌ಟಾಪ್ ಬ್ಯಾಟರಿ ಶೇಕಡಾ ನೂರು ತುಂಬಿಸಿಡಬೇಡಿ, 80ಕ್ಕೆ ನಿಲ್ಲಿಸಿ

ಸಂಪಾದಕರೇ,

ನಮ್ಮ ಕಲಬುರಗಿ ಬೇಸಿಗೆ ಎಲ್ಲರಿಗೂ ಗೊತ್ತೇ ಇದೆ. ಬಿಸಿಲು 42 ಡಿಗ್ರಿ ದಾಟುತ್ತದೆ, ಮನೆಯೊಳಗೂ ಜಳ ಬಿಡುವುದಿಲ್ಲ. ಇಂಥ ಊರಲ್ಲಿ ಕಾಲೇಜು ಹುಡುಗರು, ಆಫೀಸಿನ ಮಂದಿ ಲ್ಯಾಪ್‌ಟಾಪನ್ನು ಹಗಲೂ ರಾತ್ರಿ ಚಾರ್ಜರ್‌ಗೆ ಹಾಕಿಯೇ ಇಟ್ಟಿರುತ್ತಾರೆ. ಕರೆಂಟ್ ಯಾವಾಗ ಹೋಗುತ್ತದೋ ಏನೋ, ಬ್ಯಾಟರಿ ಸದಾ ತುಂಬಿರಲಿ ಅಂತ. ಅವರ ಭಯ ಸುಳ್ಳಲ್ಲ. ಆದರೆ ಬ್ಯಾಟರಿ ಬೇಗ ಹಾಳಾಗುವುದೂ ಇದರಿಂದಲೇ.

ಲಿಥಿಯಂ ಬ್ಯಾಟರಿಗೆ ಎರಡು ಸಂಗತಿ ಆಗಿಬರುವುದಿಲ್ಲ. ಒಂದು, ಪೂರ್ತಿ ತುಂಬಿಕೊಂಡೇ ಬಹಳ ಕಾಲ ಇರುವುದು. ಇನ್ನೊಂದು, ಶಾಖ. ತುಂಬಿದಾಗ ಒಂದೊಂದು ಸೆಲ್ 4.2 ವೋಲ್ಟ್‌ಗೆ ಏರುತ್ತದೆ, ಕೆಲವು ಅದಕ್ಕೂ ಜಾಸ್ತಿ. ಅಷ್ಟು ವೋಲ್ಟೇಜಿನಲ್ಲಿ ಒಳಗಿನ ದ್ರವ ನಿಧಾನಕ್ಕೆ ಕೆಡುತ್ತಾ ಹೋಗುತ್ತದೆ, ಅದರ ಮೇಲೆ ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯೂ ಸೇರಿತೆಂದರೆ ಕೇಳುವುದೇ ಬೇಡ, ಚಾರ್ಜ್ ಬಾಳುವ ಹೊತ್ತು ಇಳಿಯುತ್ತದೆ, ಕೆಲವು ಸಲ ಒಳಗೆ ಗ್ಯಾಸ್ ತುಂಬಿ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನೇ ಮೇಲೆತ್ತಿಬಿಡುತ್ತದೆ. ಹಾಗೆ ಉಬ್ಬಿದ್ದನ್ನು ದಯವಿಟ್ಟು ಮತ್ತೆ ಚಾರ್ಜ್‌ಗೆ ಹಾಕಬೇಡಿ.

ಪರಿಹಾರ ಎಂದರೆ ಚಾರ್ಜನ್ನು ಶೇಕಡಾ 80ರ ಹೊತ್ತಿಗೆ ನಿಲ್ಲಿಸುವುದು. ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ವ್ಯವಸ್ಥೆ) ಬಳಸುವವರಿಗೆ ಇದಕ್ಕೆ ಪೈಸೆ ಖರ್ಚಿಲ್ಲದ ದಾರಿ ಇದೆ. ಲಿನಕ್ಸ್‌ನಲ್ಲಿ ಪರದೆ, ಮೆನು ತೋರಿಸುವ ಸಾಫ್ಟ್‌ವೇರ್‌ಗಳಲ್ಲಿ ಒಂದು ಗ್ನೋಮ್. 2025ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 48ರ ಪವರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಾಳಿಕೆ ಕಾಯುವ ಆಯ್ಕೆ ಇದೆ, ಆನ್ ಮಾಡಿದರೆ ಸಾಕು. ಅಂಥದ್ದೇ ಇನ್ನೊಂದಾದ ಕೆಡಿಇ ಪ್ಲಾಸ್ಮಾದಲ್ಲಿ 2020ರಿಂದಲೇ ಚಾರ್ಜ್‌ಗೆ ಮಿತಿ ಹಾಕಬಹುದು. ಇವುಗಳ ಹಳೆಯ ಆವೃತ್ತಿ ಇದ್ದರೆ ಟಿಎಲ್‌ಪಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರ ಸೆಟ್ಟಿಂಗ್ಸ್ ಬರೆದಿಡುವ ಕಾನ್ಫಿಗ್ ಫೈಲ್‌ನಲ್ಲಿ ಸ್ಟಾರ್ಟ್ 75, ಸ್ಟಾಪ್ 80 ಅಂತ ಬರೆದಿಟ್ಟರೆ ಯಂತ್ರ ರೀಸ್ಟಾರ್ಟ್ ಆದಾಗಲೂ ಅದೇ ಹಾಕಿಕೊಳ್ಳುತ್ತದೆ. ಚಾರ್ಜ್ 75ಕ್ಕಿಂತ ಇಳಿದಿದ್ದರೆ ಮಾತ್ರ ತುಂಬಲು ಶುರು, 80ಕ್ಕೆ ಬಂದ್.

ಹಾಗಾದರೆ ಕರೆಂಟ್ ಹೋದಾಗ ಏನು ಗತಿ ಅಂತೀರಾ? 80 ಇದ್ದರೂ ಬಹಳಷ್ಟು ಕೆಲಸ ನಡೆಯುತ್ತದೆ ಅಲ್ವಾ. ನಾಳೆ ದಿನವಿಡೀ ವಿದ್ಯುತ್ ಇಲ್ಲ ಅಂತ ಪ್ರಕಟಣೆ ಬಂದರೆ, ಪರೀಕ್ಷೆಗೆ ಬೇರೆ ಊರಿಗೆ ಹೊರಟರೆ, ಆ ದಿನಕ್ಕೆ ಮಾತ್ರ ಟಿಎಲ್‌ಪಿಯ ಫುಲ್‌ಚಾರ್ಜ್ ಕಮಾಂಡ್ ಕೊಟ್ಟು 100 ತುಂಬಿಸಿಕೊಳ್ಳಿ. ಮಿತಿ ಎಂದರೆ ಬೀಗವಲ್ಲ.

ಒಂದು ತೊಡಕು ಮಾತ್ರ ನಿಜ. ಚಾರ್ಜ್ ನಿಲ್ಲಿಸುವುದು ಲಿನಕ್ಸ್ ಅಲ್ಲ, ಲ್ಯಾಪ್‌ಟಾಪಿನ ಒಳಗಿರುವ ಚಿಪ್. ಲಿನಕ್ಸ್ ಅದಕ್ಕೆ ಸಂಖ್ಯೆ ಹೇಳುತ್ತದೆ, ಅಷ್ಟೇ. ಥಿಂಕ್‌ಪ್ಯಾಡ್, ಆಸುಸ್‌ನ ಬಹಳಷ್ಟು ಮಾದರಿಗಳಲ್ಲಿ ಇದು ನಡೆಯುತ್ತದೆ. ಕಂಪನಿಯವರು ಆ ಸೌಲಭ್ಯವನ್ನೇ ಕೊಡದಿದ್ದರೆ ನೀವು ಏನು ಇನ್‌ಸ್ಟಾಲ್ ಮಾಡಿದರೂ ಪ್ರಯೋಜನವಿಲ್ಲ.

ಅದಕ್ಕೇ ಈ ಪತ್ರ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಾಗಲಿ, ಯಾವುದೇ ಇಲಾಖೆಯಾಗಲಿ ಈ ಭಾಗದ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ ಚಾರ್ಜ್ ಮಿತಿ ಲಿನಕ್ಸ್‌ನಲ್ಲೂ ಕೆಲಸ ಮಾಡಬೇಕು ಅಂತ ಟೆಂಡರ್‌ನಲ್ಲೇ ಷರತ್ತು ಹಾಕಲಿ. ಒಂದು ಸಾಲು ಸಾಕು. ಕೂಲಿ ಮಾಡಿ ಓದಿಸುವ ಅಪ್ಪ ಅಮ್ಮನಿಗೆ ಹೊಸ ಬ್ಯಾಟರಿಯ ಸಾವಿರಾರು ರೂಪಾಯಿ ಸಣ್ಣ ಮೊತ್ತವಲ್ಲ. ಇನ್ನು ಕಾಲೇಜು ಲ್ಯಾಬ್ ನೋಡಿಕೊಳ್ಳುವವರು, ಲಿನಕ್ಸ್ ಹಾಕಿಕೊಡುವ ಅಂಗಡಿಯವರು ಯಂತ್ರ ಕೈಗೆ ಕೊಡುವ ಮೊದಲೇ 80ಕ್ಕೆ ಮಿತಿ ಹಾಕಿ, ಅದನ್ನು ಬದಲಿಸುವುದು ಹೇಗೆ ಅಂತ ಕನ್ನಡದಲ್ಲೇ ತೋರಿಸಿಕೊಡಲಿ.

– ಓದುಗ, ಕಲಬುರಗಿ