ತರಗತಿಯ ಕ್ಯಾಮೆರಾ ಕುರಿತು ಅಣ್ಣನಿಗೆ

ಪೂಜ್ಯ ಅಣ್ಣನವರಿಗೆ,

ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ತರಗತಿಗಳ ಸಿಸಿಟಿವಿ ದೃಶ್ಯವನ್ನು ಪೋಷಕರು ತಮ್ಮ ಮೊಬೈಲಿನಲ್ಲೇ ನೋಡುವಂತಾಗಬೇಕೆಂಬ ಬೇಡಿಕೆ ನಿಮ್ಮ ಶಾಲೆಯ ಆಡಳಿತ ಮಂಡಳಿಯ ಮುಂದೆ ಬಂದಿದೆಯೆಂದು ಬರೆದು, ನನ್ನ ಅಭಿಪ್ರಾಯ ಕೇಳಿದ್ದೀರಿ. ನೆಟ್‌ವರ್ಕ್ ನೋಡಿಕೊಳ್ಳುವುದೇ ನನ್ನ ಉದ್ಯೋಗವಾದ್ದರಿಂದ ಕೇಳಿದ್ದೀರೆಂದು ಬಲ್ಲೆ. ಆದರೂ ಮೊದಲು ಮಗಳ ವಿಷಯ ಹೇಳಿ, ಆಮೇಲೆ ಯಂತ್ರದ ವಿಷಯಕ್ಕೆ ಬರುತ್ತೇನೆ.

ಅವಳನ್ನು ಇಲ್ಲಿಯ ಶಿಶುವಿಹಾರಕ್ಕೆ ಸೇರಿಸಿದಾಗ ನಮಗೂ ಇಂಥದೇ ಸೌಲಭ್ಯ ಕೊಟ್ಟಿದ್ದರು. ಮೊದಲ ವಾರ ಕಚೇರಿಯಲ್ಲಿ ಕುಳಿತು ಗಳಿಗೆಗೊಮ್ಮೆ ಅದನ್ನೇ ನೋಡುತ್ತಿದ್ದೆ. ಅವಳು ಅಳುವುದನ್ನು ಕಂಡು ಕರುಳು ಹಿಂಡಿದಂತಾಗುತ್ತಿತ್ತು, ಶಿಕ್ಷಕಿ ಬಂದು ಎತ್ತಿಕೊಂಡಾಗ ಸಮಾಧಾನವಾಗುತ್ತಿತ್ತು. ಆ ಸಮಾಧಾನ ಸುಳ್ಳಲ್ಲ. ಪೋಷಕರು ಕೇಳುತ್ತಿರುವುದು ಅದನ್ನೇ, ಅವರನ್ನು ಸಂಶಯಪಿಶಾಚಿಗಳೆಂದು ಯಾರೂ ಹಗುರವಾಗಿ ಕಾಣಬಾರದು. ಆದರೆ ಮೂರನೆಯ ದಿನದ ಹೊತ್ತಿಗೆ ಯಾವ ಮಗು ಪದೇಪದೇ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ, ಯಾವುದನ್ನು ಉಳಿದವರು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬುದೆಲ್ಲ ನನಗೆ ತಿಳಿದುಹೋಗಿತ್ತು. ಆ ಮಕ್ಕಳ ತಂದೆತಾಯಿಯರು ಇದನ್ನೆಲ್ಲ ನನಗೆ ತೋರಿಸಲು ಎಂದೂ ಒಪ್ಪಿರಲಿಲ್ಲ. ಮೂವತ್ತು ಮಕ್ಕಳ ಕೋಣೆಯಲ್ಲಿ ನಮ್ಮ ಮಗುವನ್ನು ಮಾತ್ರ ತೋರಿಸುವ ಕ್ಯಾಮೆರಾ ಇಲ್ಲ, ಅಣ್ಣ. ನೀವು ವಿಧಿಸುವ ನಿರ್ಬಂಧಗಳೆಲ್ಲ ಉಳಿದ ಇಪ್ಪತ್ತೊಂಬತ್ತು ಮಕ್ಕಳಿಗಾಗಿ ಎಂಬುದನ್ನು ಸಭೆಯಲ್ಲಿ ದಯವಿಟ್ಟು ಹೇಳಿರಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಸಾಮಾನ್ಯ ನಿಯಮವಾಗಿ ಇರಿಸಿದೆ. ಒಬ್ಬರ ಒಪ್ಪಿಗೆ ಇನ್ನೊಬ್ಬರ ಮಗುವಿಗೆ ಸಲ್ಲುವುದಿಲ್ಲ.

ಇನ್ನು ಯಂತ್ರದ ವಿಷಯ. ಕ್ಯಾಮೆರಾ ಅಳವಡಿಸುವವರು ಸಾಮಾನ್ಯವಾಗಿ ರೌಟರ್‌ನಲ್ಲಿ ಒಂದು ಪೋರ್ಟ್, ಅಂದರೆ ಹೊರಗಿನವರು ಒಳಬರಬಹುದಾದ ಬಾಗಿಲು, ತೆರೆದು, ದೃಶ್ಯಗಳನ್ನು ಶೇಖರಿಸುವ ರೆಕಾರ್ಡರನ್ನು ನೇರವಾಗಿ ಇಂಟರ್‌ನೆಟ್ಟಿಗೆ ಒಡ್ಡಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಂಚಿಬಿಡುತ್ತಾರೆ. ಅರ್ಧ ಗಂಟೆಯ ಕೆಲಸ. ಅದಕ್ಕೆ ಖಂಡಿತ ಒಪ್ಪಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು, ತಯಾರಕರು ಮೊದಲೇ ಇಟ್ಟಿದ್ದ 60ಕ್ಕೂ ಹೆಚ್ಚು ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡಿತ್ತು. ಹಂಚಿಕೊಂಡ ಪಾಸ್‌ವರ್ಡಿನ ಪಾಡನ್ನು ನಾನೇ ಕಂಡಿದ್ದೇನೆ: ನಾನು ನೋಡಿಕೊಳ್ಳುತ್ತಿದ್ದ ಒಂದು ಶಾಲೆಯಲ್ಲಿ, ಶಿಕ್ಷಕಿ ಒಬ್ಬ ಹುಡುಗನನ್ನು ಗದರಿಸಿದ ದೃಶ್ಯ ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು, ಹುಡುಗ ವಾರಗಟ್ಟಲೆ ಶಾಲೆಗೆ ಬರಲಿಲ್ಲ. ಅದನ್ನು ಹೊರಗೆ ಬಿಟ್ಟವರು ಯಾರೆಂದು ಪತ್ತೆ ಹಚ್ಚಲು ನನ್ನಿಂದಾಗಲಿಲ್ಲ, ಏಕೆಂದರೆ ದಾಖಲೆಯಲ್ಲಿ ಎಲ್ಲರೂ ಒಂದೇ ಹೆಸರಿನವರಾಗಿದ್ದರು. ಆ ಹುಡುಗನ ತಾಯಿಗೆ ಉತ್ತರ ಕೊಡಲಾಗದೆ ನಿಂತದ್ದನ್ನು ಇಂದಿಗೂ ಮರೆತಿಲ್ಲ.

ಆದ್ದರಿಂದ ಕ್ಯಾಮೆರಾಗಳೂ ರೆಕಾರ್ಡರೂ ಶಾಲೆಯ ಉಳಿದ ಕಂಪ್ಯೂಟರುಗಳಿಂದ ಬೇರ್ಪಟ್ಟ ಜಾಲದಲ್ಲಿದ್ದು, ಪೋಷಕರು ಅವನ್ನು ನೇರವಾಗಿ ಮುಟ್ಟದೆ, ನಡುವಿನ ಒಂದು ಸರ್ವರ್ ಕೊಡುವ ಕಡಿಮೆ ಗುಣಮಟ್ಟದ ದೃಶ್ಯವನ್ನಷ್ಟೇ ನೋಡುವಂತಿರಬೇಕು. ಇದರಿಂದ ಇನ್ನೊಂದು ಅನುಕೂಲವೂ ಇದೆ. ಒಬ್ಬೊಬ್ಬರಿಗೆ ಸೆಕೆಂಡಿಗೆ 512 ಕಿಲೋಬಿಟ್‌ನಂತೆ ಲೆಕ್ಕ ಹಾಕಿದರೂ ಮೂವತ್ತು ಜನ ಶಾಲೆಯಿಂದಲೇ ನೇರವಾಗಿ ಒಟ್ಟಿಗೆ ನೋಡಿದರೆ ಸೆಕೆಂಡಿಗೆ ಸುಮಾರು 15 ಮೆಗಾಬಿಟ್‌ನಷ್ಟು ಅಪ್‌ಲೋಡ್ ಬೇಕಾಗುತ್ತದೆ. ಸರ್ವರ್ ಹೊರಗಡೆ ಇದ್ದರೆ ಶಾಲೆಯಿಂದ ಪ್ರತಿ ಕ್ಯಾಮೆರಾದ ಒಂದೇ ಪ್ರತಿ ಹೋದರೆ ಸಾಕು. ಪ್ರತಿ ಪೋಷಕರಿಗೂ ಸ್ವಂತ ಖಾತೆ, ಒಟಿಪಿ, ತಮ್ಮ ಮಗುವಿನ ತರಗತಿ ಮಾತ್ರ, ದಿನಕ್ಕೆ ಗೊತ್ತುಪಡಿಸಿದ ಹದಿನೈದು ನಿಮಿಷ. ಧ್ವನಿ ಬೇಡ, ಹಳೆಯ ದೃಶ್ಯವನ್ನು ಹಿಂದಕ್ಕೆ ಓಡಿಸಿ ನೋಡುವ ಅವಕಾಶವಂತೂ ಬೇಡವೇ ಬೇಡ. ಏನಾದರೂ ಘಟನೆ ನಡೆದಿದ್ದರೆ ಪೋಷಕರು ಶಾಲೆಗೆ ಬಂದು ಮುಖ್ಯೋಪಾಧ್ಯಾಯರ ಎದುರಿನಲ್ಲೇ ನೋಡಲಿ. ಪುಟ್ಟ ಮಕ್ಕಳ ಬಟ್ಟೆ ಬದಲಿಸುವ ಮೂಲೆಯನ್ನು ಕ್ಯಾಮೆರಾದಲ್ಲೇ ಕಪ್ಪು ಮಾಡಿ ಮುಚ್ಚಬಹುದು. ನೋಡುವವರ ಹೆಸರು ಪರದೆಯ ಮೇಲೆ ತೇಲುತ್ತಿರಲಿ; ಇನ್ನೊಂದು ಫೋನ್ ಹಿಡಿದು ಚಿತ್ರೀಕರಿಸುವುದನ್ನು ಅದು ತಡೆಯಲಾರದು, ಆದರೆ ಯಾರ ಪರದೆಯಿಂದ ಹೋಯಿತೆಂಬುದನ್ನು ಹೇಳುತ್ತದೆ.

ಶಿಕ್ಷಕಿಯರನ್ನು ಮೊದಲೇ ಕೂರಿಸಿಕೊಂಡು ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅವರ ಮಾತೇ ಇರಲಿಲ್ಲ. ದಿನವಿಡೀ ಕಾಣದ ಕಣ್ಣುಗಳ ಎದುರು ಪಾಠ ಮಾಡಬೇಕಾದವರು ಅವರು. ನೋಡುವ ವೇಳೆ ಯಾವುದೆಂದು ಅವರಿಗೂ ತಿಳಿದಿರಬೇಕು.

ಗುತ್ತಿಗೆದಾರರು ಕೊಟ್ಟಿರುವ ಯೋಜನೆಯ ಪ್ರತಿಯನ್ನು, ರೆಕಾರ್ಡರಿನ ಮಾದರಿ ಸಂಖ್ಯೆಯ ಸಹಿತ, ಸಹಿ ಹಾಕುವ ಮೊದಲು ನನಗೆ ಕಳುಹಿಸಿರಿ. ಭಾನುವಾರ ಬಿಡುವಿದೆ, ಕುಳಿತು ಓದಿ ಮರುದಿನವೇ ಉತ್ತರಿಸುತ್ತೇನೆ. ಅತ್ತಿಗೆಯವರಿಗೆ ನನ್ನ ನಮಸ್ಕಾರಗಳನ್ನೂ ಮಕ್ಕಳಿಗೆ ಆಶೀರ್ವಾದಗಳನ್ನೂ ತಿಳಿಸಿರಿ.

ಇಂತಿ,
ನಿಮ್ಮ ಪ್ರೀತಿಯ ತಮ್ಮ