ನಿನ್ನ ಲಾಂಚಿನ ಕಥೆ ಎಲ್ಲಿಗೆ ನಿಂತಿತ್ತು?

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಹೇಳಿ ಮುಗಿಸಬಹುದಾದದ್ದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದಾನಲ್ಲ ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ಎರಡು ಸಲ ಹೇಳಲು ಹೊರಟೆ, ಮಾರಾಯ. ಎರಡೂ ಸಲ ಮಾತು ಅಡಿಕೆ ದರದ ಕಡೆ ತಿರುಗಿ, ಅಲ್ಲಿಂದ ನಿನ್ನ ಅಮ್ಮನ ಮಂಡಿನೋವಿಗೆ ಹೋಗಿ ಮುಗಿಯಿತು. ಅದಕ್ಕೇ ಪತ್ರ. ಹಸಿರು ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಕಳೆದ ತಿಂಗಳು ‘ಬರ್ಸರ್ಕ್’ ಎಂಬ ಜಪಾನಿ ಚಿತ್ರಕಥೆಯನ್ನು ಮೊದಲ ಸಂಪುಟದಿಂದ ಮತ್ತೆ ಹಿಡಿದೆ. ಹಾಸ್ಟೆಲಿನಲ್ಲಿ ನೀನು ಅದನ್ನು ಮೊದಲ ಸಲ ಕೈಗಿಟ್ಟಾಗ ನಾನು ರೂಢಿಯಂತೆ ಎಡಗಡೆಯಿಂದ ತೆರೆದಿದ್ದೆ. ನೀನು ಏನೂ ಹೇಳದೆ ಪುಸ್ತಕವನ್ನು ತಿರುಗಿಸಿ, ಬಲಗಡೆಯ ಮೊದಲ ಚೌಕದ ಮೇಲೆ ಬೆರಳಿಟ್ಟೆ. ಆ ರಾತ್ರಿ ಇಬ್ಬರೂ ಊಟಕ್ಕೆ ಇಳಿಯಲಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ, ನೀನು ತಾಳ್ಮೆಯಿಂದಿರು. ಇದು ಮಕ್ಕಳ ಕೈಗೆ ಕೊಡುವ ಚಿತ್ರಕಥೆಯಲ್ಲ. ಪ್ರಾಯಕ್ಕೆ ಬಂದವರಿಗಾಗಿ ಜಪಾನಿನಲ್ಲಿ ಬರುವ ‘ಸೇನೆನ್’ ಬಗೆಯ ಮಾಂಗಾ, ಅಂದರೆ ಬಲದಿಂದ ಎಡಕ್ಕೆ ಓದುವ ಚಿತ್ರಕಥೆ. ಕೆಂಟಾರೊ ಮಿಯುರಾ 1989ರಲ್ಲಿ ಶುರು ಮಾಡಿದರು. 1992ರಿಂದ ‘ಯಂಗ್ ಅನಿಮಲ್’ ಪತ್ರಿಕೆಯಲ್ಲಿ ಬರುತ್ತಿದೆ. ನಾಯಕ ಗಟ್ಸ್ ನೇಣಿನಲ್ಲಿ ತೂಗುತ್ತಿದ್ದ ತಾಯಿಯ ಹೆಣದಿಂದ ಕೆಸರಿಗೆ ಬಿದ್ದು ಹುಟ್ಟಿದವನು. ಅವನ ಕುತ್ತಿಗೆಯಲ್ಲೊಂದು ಬಲಿಯ ಗುರುತಿದೆ. ದೆವ್ವಗಳು ಹತ್ತಿರ ಬಂದರೆ ಅದರಿಂದ ರಕ್ತ ಜಿನುಗುತ್ತದೆ. ಆ ಗುರುತು ಬೀಳಲು ಕಾರಣನಾದವನು ಅವನ ಒಬ್ಬನೇ ಗೆಳೆಯ, ಗ್ರಿಫಿತ್. ತನ್ನ ಕನಸಿಗಾಗಿ, ಒಂದು ಗ್ರಹಣದ ಹೊತ್ತಿನಲ್ಲಿ, ತನ್ನನ್ನು ನಂಬಿ ಬಂದ ಇಡೀ ಪಡೆಯನ್ನೇ ದೆವ್ವಗಳಿಗೆ ಒಪ್ಪಿಸಿದವನು.

ಮೊದಲ ಓದಿನಲ್ಲಿ ನನ್ನನ್ನು ಹಿಡಿದದ್ದು ಆ ಗ್ರಹಣದ ಭೀಕರತೆ. ಈ ಸಲ ಅದಕ್ಕೂ ಎಷ್ಟೋ ಮುಂಚಿನ ಒಂದು ದೃಶ್ಯದಲ್ಲಿ ಸಿಕ್ಕಿಬಿದ್ದೆ. ಗ್ರಿಫಿತ್ ರಾಜಕುಮಾರಿಗೆ ಹೇಳುತ್ತಾನೆ: ಇನ್ನೊಬ್ಬರ ಕನಸಿಗೆ ಜೋತುಬೀಳದೆ ತನ್ನದೇ ಕನಸನ್ನು ಬೆನ್ನಟ್ಟುವವನು ಮಾತ್ರ ನನಗೆ ಗೆಳೆಯ, ನನ್ನ ಸರಿಸಮಾನ. ಮರೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡ ಗಟ್ಸ್ ಸರಿಸಮಾನನಾಗಬೇಕೆಂದೇ ಪಡೆ ಬಿಟ್ಟು ಹೊರಡುತ್ತಾನೆ. ಹಿಮ ಬಿದ್ದ ದಿಬ್ಬದ ಮೇಲೆ ಇಬ್ಬರೂ ಕತ್ತಿ ಹಿರಿಯುತ್ತಾರೆ. ಒಂದೇ ಏಟು. ಗ್ರಿಫಿತ್‌ನ ಕತ್ತಿ ತುಂಡಾಗುತ್ತದೆ, ಗಟ್ಸ್‌ನ ಕತ್ತಿ ಅವನ ಭುಜಕ್ಕೆ ತಾಗುವ ಮುನ್ನ ನಿಲ್ಲುತ್ತದೆ. ಗ್ರಿಫಿತ್ ಹಿಮದಲ್ಲಿ ಮಂಡಿಯೂರಿ ಕುಸಿಯುತ್ತಾನೆ, ಗಟ್ಸ್ ನಡೆದು ಹೋಗುತ್ತಾನೆ. ಆ ಪುಟದ ಮೇಲೆ ಚಹಾ ಆರಿ ತಣ್ಣಗಾಗುವವರೆಗೂ ಕುಳಿತಿದ್ದೆ. ಈ ನಂಟಿನ ಬೇರು ತನ್ನ ಹೈಸ್ಕೂಲು ದಿನಗಳ ಗೆಳೆತನದಲ್ಲಿದೆ ಎಂದು ಮಿಯುರಾ ಸಂದರ್ಶನದಲ್ಲಿ ಹೇಳಿಕೊಂಡಿದ್ದರು.

ಆ ಹೈಸ್ಕೂಲು ಗೆಳೆಯನೇ ಕೋಜಿ ಮೋರಿ, ಅವರೂ ಮಾಂಗಾ ಬರೆಯುವವರು. ನಿನಗೆ ನೆನಪಿದೆ, 2021ರ ಮೇ 6ರಂದು ಮಿಯುರಾ ತೀರಿಕೊಂಡರು. ಮಹಾಪಧಮನಿ ಸೀಳಿತ್ತು. ಐವತ್ತನಾಲ್ಕು ವರ್ಷ. ಸುದ್ದಿ ಹೊರಬಿದ್ದದ್ದು ಎರಡು ವಾರಗಳ ನಂತರ. ಅವತ್ತು ನೀನು ನನಗೆ ಬರೀ ಒಂದು ಚುಕ್ಕಿಯ ಸಂದೇಶ ಕಳುಹಿಸಿದ್ದೆ. ಕಥೆ ಇನ್ನು ಯಾರಿಗೂ ತಿಳಿಯದೆ ಮುಳುಗಿತು ಎಂದುಕೊಂಡಿದ್ದೆವು. ಮರುವರ್ಷ ಜೂನ್‌ನಲ್ಲಿ ಮೋರಿ ಮುಂದೆ ಬಂದರು. ಸುಮಾರು ಮೂವತ್ತು ವರ್ಷಗಳ ಹಿಂದೆ, ಗ್ರಹಣದ ಭಾಗವನ್ನು ಕಟ್ಟುವ ಹೊತ್ತಿನಲ್ಲಿ, ಮಿಯುರಾ ಈ ಮೋರಿಯನ್ನು ಕರೆಸಿ, ದಿನಗಟ್ಟಲೆ ಕೂರಿಸಿಕೊಂಡು ಕಥೆಯನ್ನು ಕೊನೆಯವರೆಗೂ ಹೇಳಿದ್ದರಂತೆ. ಮಿಯುರಾ ತನಗೆ ಹೇಳಿದ್ದನ್ನು ಮಾತ್ರ ಕಟ್ಟುತ್ತೇನೆ, ನೆನಪು ಸ್ಪಷ್ಟವಿಲ್ಲದ್ದನ್ನು ಮುಟ್ಟುವುದಿಲ್ಲ, ತನ್ನ ಕಡೆಯಿಂದ ತುಂಬಿಸುವುದಿಲ್ಲ ಎಂದು ಮಾತು ಕೊಟ್ಟು ಹೊಣೆ ಹೊತ್ತರು. ಚಿತ್ರ ಬರೆಯುತ್ತಿರುವವರು ಮಿಯುರಾ ತಾವೇ ಪಳಗಿಸಿದ್ದ ಸ್ಟುಡಿಯೋ ಗಾಗಾದ ಕಲಾವಿದರು. ಚಿತ್ರಗಳಲ್ಲಿ ಹಳೆಯ ಕೈ ಇಲ್ಲ ಎಂದು ಗೊಣಗುವವರಿದ್ದಾರೆ. ನನಗೆ ಆ ಗೊಣಗಾಟ ಹಿಡಿಸುವುದಿಲ್ಲ. ಒಬ್ಬ ಮನುಷ್ಯ ಗೆಳೆಯನ ಮಾತನ್ನು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡು ಬಂದಿದ್ದಾನೆ. ನನಗೆ ಅಷ್ಟು ಸಾಕು.

ಅಷ್ಟು ಸಾಕು ಎಂದುಕೊಂಡು ಪುಸ್ತಕ ಮುಚ್ಚಿದ ರಾತ್ರಿ ನಿದ್ದೆ ಬರಲಿಲ್ಲ. ನೀನೂ ನನಗೊಂದು ಕಥೆ ಹೇಳಿದ್ದೆ.

ಕರೆಂಟು ಹೋದ ರಾತ್ರಿ, ಹಾಸ್ಟೆಲಿನ ತಾರಸಿ. ಶರಾವತಿ ಹಿನ್ನೀರಿನ ಲಾಂಚು. ಕೊನೆಯ ಟ್ರಿಪ್ಪಿನಲ್ಲಿ ಲಾಂಚಿನವನಿಗೆ ನೀರಿನ ಅಡಿಯಲ್ಲಿ ಮುಳುಗಡೆಯಾದ ಊರುಗಳ ದೀಪ ಕಾಣಿಸುತ್ತದೆ. ಒಬ್ಬ ಮುದುಕಿ ಹತ್ತುತ್ತಾಳೆ, ಸೀರೆಯ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಲಿಂಗನಮಕ್ಕಿ ಅಣೆಕಟ್ಟೆ ನುಂಗಿದ ಒಂದು ಊರಿನ ಹೆಸರು ಹೇಳಿ, ಅಲ್ಲಿಗೆ ಟಿಕೆಟ್ ಕೇಳುತ್ತಾಳೆ. ನೀನು ನಾಲ್ಕು ಗಂಟೆ ಹೇಳಿದ್ದೆ, ನನ್ನ ಬಳಿ ಉಳಿದಿರುವುದು ಇಷ್ಟೇ. ಆ ಊರಿನ ಹೆಸರೂ ನೆನಪಿಲ್ಲ. ಅವತ್ತು ನನ್ನ ಜೇಬಿನಲ್ಲಿ ಸಂದರ್ಶನದ ಪತ್ರವಿತ್ತು, ಮನಸ್ಸು ಬೆಂಗಳೂರಿನ ಬಸ್ಸು ಹತ್ತಿಯಾಗಿತ್ತು. ನೀನು ಮುಗಿಸಿದಾಗ, “ಚೆನ್ನಾಗಿದೆ. ಆದರೆ ಮೊದಲು ಒಂದು ಕೆಲಸ ನೋಡಿಕೋ” ಎಂದೆ.

ಇಷ್ಟು ದಿನ ಅದನ್ನು ಗೆಳೆಯನ ಹಿತವಚನ ಎಂದೇ ನಂಬಿಕೊಂಡು ಬಂದೆ. ಹೊರಟುಹೋದವನು ನಾನಾದ್ದರಿಂದ ನಾನೇ ಗಟ್ಸ್ ಎಂದೂ ನಂಬಿದ್ದೆ. ಹಿಮದಲ್ಲಿ ಮಂಡಿಯೂರಿದವನ ಮುಖ ನೋಡುತ್ತ ನೋಡುತ್ತ ಗುರುತು ಹತ್ತಿತು. ತನ್ನ ಪಕ್ಕದಲ್ಲಿದ್ದವನಿಗೆ ತನ್ನದೇ ಒಂದು ಕನಸಿದೆ ಎಂಬುದನ್ನು ತಾಳಲಾರದವನ ಮುಖ ಅದು. ನಿನ್ನ ಕಥೆ ದೊಡ್ಡದು ಎಂದು ತಾರಸಿಯ ಮೇಲೇ ನನಗೆ ಗೊತ್ತಾಗಿತ್ತು. ನೀನು ಅದನ್ನು ಬರೆದುಬಿಟ್ಟರೆ ನಾನು ಹಿಂದೆ ಉಳಿಯುತ್ತೇನೆ ಎಂದು ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗಿತ್ತು. ಆಮೇಲೆ ನೀನು ಬರೆಯುವುದನ್ನು ಬಿಟ್ಟು ತೋಟಕ್ಕೆ ಇಳಿದೆ ಎಂದು ಕೇಳಿದಾಗ ನನಗೆ ಬೇಸರವಾಗಲಿಲ್ಲ, ಹಗುರವಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ನಾಳೆ ನಿನಗೇನಾದರೂ ಆದರೆ ನಿನ್ನ ಕಥೆಯನ್ನು ಎತ್ತಿಕೊಳ್ಳಲು ನನ್ನ ಬಳಿ ಒಂದು ಒದ್ದೆ ಸೆರಗು ಬಿಟ್ಟರೆ ಬೇರೇನೂ ಇಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಸಾಕು, ಬೇರೆ ಮಾತಾಡೋಣ. ಆ ಹಿನ್ನೀರಿನ ಮೇಲೆ ಸಿಗಂದೂರಿಗೆ ಸೇತುವೆಯಾಯಿತಲ್ಲ, ನೋಡಲು ಅಮ್ಮನನ್ನು ಕರೆದುಕೊಂಡು ಹೋಗಿದ್ದೆಯಾ? ಸಂಕ್ರಾಂತಿಗೆ ಮೂರು ದಿನ ರಜೆ ಹಾಕಿ ಬರುತ್ತಿದ್ದೇನೆ. ಅಪ್ಪೆಮಿಡಿ ಭರಣಿಯನ್ನು ನಾನು ಬರುವ ಮುಂಚೆ ಖಾಲಿ ಮಾಡಿದರೆ ಛತ್ರಿಯ ವಿಷಯ ಎತ್ತಿಯೇ ಎತ್ತುತ್ತೇನೆ, ಅದೂ ನಿನ್ನ ಅತ್ತೆ-ಮಾವನ ಎದುರು. ಮೂರೂ ರಾತ್ರಿ ನಿಮ್ಮ ಮನೆಯ ಜಗುಲಿಯಲ್ಲೇ ಮಲಗುವವನು ನಾನು, ಚಾಪೆ ತೆಗೆದಿಡು.

ಅಲ್ಲಿಯವರೆಗೆ ಒಂದನ್ನಾದರೂ ಹೇಳು. ಆ ಮುದುಕಿಗೆ ಅವನು ಟಿಕೆಟ್ ಹರಿದು ಕೊಟ್ಟನೇ?

ನಿನ್ನವನೇ,
ಮೇಲಿನ ಮಂಚದವನು