ರೇಟಿಂಗ್‌ಗೋಸ್ಕರ ಕಥೆಗೆ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ಮಕ್ಕಳು, ದೊಡ್ಡೋರು ಒಟ್ಟಿಗೆ ಕೂತು ನೋಡೋ ಹಾಲಿವುಡ್ ಸಿನಿಮಾ ಸರಣಿಗಳಿಗೆ ಅಮೆರಿಕದಲ್ಲಿ ಪಿಜಿ (ಅಪ್ಪ ಅಮ್ಮ ನೋಡ್ಕೊಂಡು ಮಕ್ಕಳಿಗೆ ತೋರಿಸ್ಬಹುದು ಅನ್ನೋ ದರ್ಜೆ) ಬದಲು ಅದಕ್ಕಿಂತ ಒಂದು ಹಂತ ಬಿಗಿಯಾದ ಪಿಜಿ-13 ರೇಟಿಂಗ್ ಬಂದ್ರೆ ಫ್ಯಾಮಿಲಿ ಪ್ರೇಕ್ಷಕರು ಕೈತಪ್ಪಿ ಹೋಗ್ತಾರೆ ಅಂತ ಸ್ಟುಡಿಯೋಗಳು ಹೆದರೋದು ನಂಗೆ ಸರಿ ಅನ್ಸಲ್ಲ. ಹ್ಯಾರಿ ಪಾಟರ್ ಸರಣಿನೇ ತಗೊಳ್ಳಿ, ಮೊದಲ ಮೂರು ಸಿನಿಮಾಗೆ ಅಮೆರಿಕದಲ್ಲಿ ಪಿಜಿ ಸಿಕ್ಕಿತ್ತು, 2005ರಲ್ಲಿ ಬಂದ ನಾಲ್ಕನೇದಕ್ಕೆ ಪಿಜಿ-13 ಕೊಟ್ರು, ಆದ್ರೂ ಜನ ಬಿಟ್ಟು ಹೋಗ್ಲಿಲ್ಲ, 2011ರ ಕೊನೇ ಭಾಗಕ್ಕೂ ಪಿಜಿ-13 ಇತ್ತು, ಇಡೀ ಸರಣೀಲಿ ಅತಿ ಹೆಚ್ಚು ದುಡ್ಡು ಮಾಡಿದ್ದು ಅದೇ. ನೋಡ್ತಾ ಬೆಳೆದ ಮಕ್ಕಳ ಜೊತೆ ಕಥೆನೂ ಬೆಳೀತು, ಅದನ್ನ ಬಲವಂತವಾಗಿ ಚಿಕ್ಕದಾಗೇ ಇಟ್ಟಿದ್ರೆ ಅವ್ರೇ ಬೇಜಾರಾಗಿ ದೂರ ಹೋಗ್ತಿದ್ರು.

ಅಷ್ಟಕ್ಕೂ ಪಿಜಿ-13 ಅಂದ್ರೆ 13ರ ಒಳಗಿನ ಮಕ್ಕಳಿಗೆ ಪ್ರವೇಶ ಇಲ್ಲ ಅಂತಲ್ಲ. ಕೆಲವು ದೃಶ್ಯ ಅವರಿಗೆ ಸರಿಹೋಗದೇ ಇರಬಹುದು ಅಂತ ಅಪ್ಪ ಅಮ್ಮಂದಿರಿಗೆ ಕೊಡೋ ಎಚ್ಚರಿಕೆ ಅಷ್ಟೇ. ಪಿಜಿ ಅಂತ ನಂಬಿ ಮಕ್ಕಳನ್ನ ಕರ್ಕೊಂಡು ಹೋದ ಪೋಷಕರು ಸಿನಿಮಾದಲ್ಲಿದ್ದ ಹಿಂಸೆ ನೋಡಿ ಸಿಟ್ಟಾದ್ಮೇಲೇ 1984ರಲ್ಲಿ ಈ ದರ್ಜೆ ಶುರುವಾಗಿದ್ದು.

ಹಾಗಾಗಿ ಸ್ಟುಡಿಯೋದವರು ರೇಟಿಂಗ್ ಇಳಿಸೋಕೆ ದೃಶ್ಯ ಕತ್ತರಿಸೋ ಬದಲು, ಆ ರೇಟಿಂಗ್ ಯಾಕೆ ಬಂತು ಅನ್ನೋ ಕಾರಣನ ಪೋಸ್ಟರ್, ಟ್ರೇಲರ್, ಟಿಕೆಟ್ ಬುಕ್ ಮಾಡೋ ಕಡೆ ಎಲ್ಲಾ ದೊಡ್ಡ ಅಕ್ಷರದಲ್ಲಿ ಹಾಕ್ಲಿ, ತಮ್ಮ ಮಗುಗೆ ತೋರಿಸ್ಬೇಕಾ ಬೇಡ್ವಾ ಅಂತ ಹೆತ್ತೋರು ತೀರ್ಮಾನ ಮಾಡ್ತಾರೆ.

— ಒಬ್ಬ ಓದುಗ